ಯಲ್ಲಮ್ಮನ ಹ್ಞೂಂ

ಕರಿಬೀಜ, ಒಡಕು, ಮತ್ತೊಂದು ಕರಿಬೀಜ — ಕಾಫಿಬೀಜದ ಮೊರ ಖಾಲಿಯಾಗಿದ್ದರೂ ಯಲ್ಲಮ್ಮನ ಬೆರಳು ಬರಿ ಮೊರವನ್ನೇ ಕೆದಕುತ್ತಿದೆ, ಮಡಿಲಲ್ಲಿ ವೀಳ್ಯದೆಲೆ, ಅಡಿಕೆ, ಯಾರಿಟ್ಟರು, ಯಾವಾಗ ಇಟ್ಟರು, ಅಣ್ಣ ನಿಂಗಯ್ಯ ಎದುರಿಗೆ ನಿಂತು ಹಲ್ಲು ಕಿರಿಯುತ್ತಿದ್ದಾನೆ, ಹಿಂದೆ ಮೇಸ್ತ್ರಿ ಲಕ್ಕಯ್ಯನ ಕಡೆಯವರು, ಜಾವಳಿ ಊರಿನ ಹಿರಿಯರಿಬ್ಬರು, ಅವರಲ್ಲೊಬ್ಬ ಅನ್ನುತ್ತಿದ್ದಾನೆ, ಹೆತ್ತೋಳೇ ಹ್ಞೂಂ ಅಂದ್ಮೇಲೆ ಇನ್ನೇನವ್ವ, ಶುಕ್ರವಾರ ಧಾರೆ — ಯಾರ ಧಾರೆ? ಮುತ್ತಿಯದು, ತನ್ನ ಮಗಳು ಮುತ್ತಿಯದು, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ ಆ ಮುದುಕ ಮೇಸ್ತ್ರಿಯ ಜೊತೆ. ಬೆಳಿಗ್ಗೆ ತಾನೆ ಹುಡುಗಿ ಒಲೆ ಮುಂದೆ ಕೂತು ಕೇಳಿದ್ದಳು, ಅವ್ವ, ಕೊಡಲ್ಲ ಅಲ್ವಾ, ಜೀವ ಹೋದ್ರೂ ಕೊಡಲ್ಲ ಕಣೆ, ಸುಮ್ನೆ ಗಂಜಿ ಕುಡಿ. ಎರಡು ಸಲ ಮನೆಗೆ ಬಂದ ಅಣ್ಣನಿಗೆ ಎರಡು ಸಲವೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದಿದ್ದಳು, ಅದಕ್ಕೇ ಇಲ್ಲಿಗೆ, ಬೀಜ ಆರಿಸುವ ಶೆಡ್ಡಿಗೇ ಬಂದಿದ್ದಾನೆ, ಲಕ್ಕಯ್ಯ ಅವನಿಗೆ ತೋಟದ ದೊರೆಯ ಬಂಗಲೆಯ ಕಾವಲು ಕೆಲಸ ಕೊಡಿಸುತ್ತಾನಂತೆ.

ಮೊರ ಮುಂದಿದ್ದರೆ ಯಲ್ಲಮ್ಮನಿಗೆ ಲೋಕವಿಲ್ಲ, ಶೆಡ್ಡಿಗೆಲ್ಲ ಗೊತ್ತು, ದೊರೆಯೇ ಬಂದು ನಿಂತರೂ ಏಳಳು, ಗಂಟೆ ಹೊಡೆದರೆ ಪಕ್ಕದ ಮರಿಯಮ್ಮ ಮೊಣಕೈ ತಿವಿಯಬೇಕು, ಆ ಹೊತ್ತಿನಲ್ಲಿ ಸತ್ತ ಗಂಡನ ನೆನಪಿಲ್ಲ, ಬೆನ್ನುನೋವಿಲ್ಲ, ಕೆಟ್ಟ ಬೀಜ ತಾನಾಗಿ ಬೆರಳಿಗೆ ಬರುತ್ತದೆ, ಎಂಥ ಸುಖ ಅದು, ಯಾರು ಏನು ಕೇಳಿದರೂ ಹ್ಞೂಂ. ಅದನ್ನು ಅಣ್ಣನಿಗಿಂತ ಬಲ್ಲವರು ಯಾರು, ಚಿಕ್ಕಂದಿನಲ್ಲಿ ಅವಳು ಅಕ್ಕಿಯ ಕಲ್ಲು ಆರಿಸುವಾಗ ಮೆಲ್ಲಗೆ ಬಂದು, ಯಲ್ಲೀ, ನಿನ್ ಪಾಲಿನ್ ಬೆಲ್ಲ ನಾ ತಿನ್ಲಾ, ಹ್ಞೂಂ, ತಿಂದು ಓಡುತ್ತಿದ್ದ, ಅವಳೂ ನಗುತ್ತಿದ್ದಳು, ಇವತ್ತೂ ಅದೇ ದನಿ ಮಾಡಿರಬೇಕು, ಯಲ್ಲೀ, ಮುತ್ತೀನ ಕೊಡಾಣಾ. ನಾ ಕೇಳಿಸ್ಕೊಂಡಿಲ್ಲ ಅಣ್ಣ, ನಿಂಗೆ ಗೊತ್ತಲ್ಲ — ಎಲೆ ಮಡಿಲಿಗೆ ಬಿದ್ಮೇಲೆ ಮುಗೀತು ಮಾರಾಯ್ತಿ, ಹಿರೀಕರ ಮುಂದೆ ಮರ್ಯಾದೆ ಕಳೀಬೇಡ. ಒಡಹುಟ್ಟಿದವನೇ ಕತ್ತು ಕೊಯ್ದ. ಮರಿಯಮ್ಮನಾದರೂ ತಿವಿಯಬಾರದಿತ್ತೇ, ಮರಿಯಮ್ಮ ತಲೆ ಎತ್ತುತ್ತಿಲ್ಲ, ಅವಳೂ ಮೇಸ್ತ್ರಿಯ ಕೈಕೆಳಗೆ ಬಾಳಬೇಕಲ್ಲ.

ಆದರೆ ಬೀಜ ಮುಗಿದಿತ್ತು, ನೆನಪಿದೆ, ಮೊರದ ತಳ ಕಂಡಿತ್ತು, ಇನ್ನೇನು ತಲೆ ಎತ್ತುವವಳು, ಆಗ ಒಂದು ಕೈ ಬಂದು ಹಿಡಿ ಬೀಜ ಸುರಿಯಿತು, ಮತ್ತೆ ಮುಳುಗಿದಳು — ಮರಿಯಮ್ಮನ ಕೈ ಇರಬೇಕು, ದಿನಾ ಸುರಿಯುವವಳು ಅವಳೇ, ಆದರೆ ಮರಿಯಮ್ಮನಿಗೆ ಕೈತುಂಬ ಬಳೆ, ಈ ಕೈ ಸದ್ದಿಲ್ಲದೆ ಬಂತು, ಮತ್ತೆ ತಳ ಕಂಡಾಗ ಮತ್ತೆ ಬಂತು, ಬಳೆಯಿಲ್ಲದ ಕೈ, ಒಂದು ಹಿಡಿ ಬೀಜ, ಗಂಡ ಸತ್ತ ದಿನ ಬಳೆ ಒಡೆಸಿಕೊಂಡ ಕೈ.