ಮೊಟ್ಟೆಯ ಹೊತ್ತಿಗೆ ಮುಚ್ಚುವ ಕಿಟಕಿ

ಕುಕ್ಕರ್ ಇನ್ನೇನು ಕೂಗುತ್ತದೆ, ಕೂಗಿದ ಕೂಡಲೇ ಒಡೆಯಬೇಕು, ಆ ಸದ್ದಿನಲ್ಲಿ ಮೊಟ್ಟೆಯ ಟಕ್ ಯಾರಿಗೂ ಕೇಳಿಸದು — ಜಲಜಾಕ್ಷಿ ಮೊಟ್ಟೆ ಹಿಡಿದು ಕಾಯುತ್ತಾಳೆ, ತನ್ನದೇ ಅಡುಗೆಮನೆಯಲ್ಲಿ ಕಳ್ಳಿ, ತನ್ನದೇ ಎಲ್ಲಿ ಬಂತು, ಸಾನಪಾಡಾದ ಈ ಮನೆ ಹನ್ನೊಂದು ತಿಂಗಳ ಕರಾರಿನದ್ದು, ಕೀಲಿ ಕೊಡುವಾಗಲೇ ಓನರ್ ಬೆರಳೆತ್ತಿದ್ದ, ದೇಖೋ ಭಾಭೀ, ನಾನ್‌ವೆಜ್ ಬಿಲ್ಕುಲ್ ನಹೀ, ಅಂಡಾ ಭೀ ನಹೀ ಚಲೇಗಾ, ಮೊಟ್ಟೆಯೂ ಕೂಡದಂತೆ, ಗಂಡ ಗುಣಪಾಲ ಇವಳ ಮುಖ ನೋಡದೆ ತಲೆಯಾಡಿಸಿದ, ಮೂರು ಮನೆಯವರು ಆಗುವುದಿಲ್ಲ ಎಂದ ಮೇಲೆ ಅವನಾದರೂ ಏನು ಮಾಡಿಯಾನು, ಆಗ ಮಗಳು ನಿಶ್ಮಿತಾ ಚೆನ್ನಾಗಿದ್ದಳು, ಘಣಸೋಲಿಯ ಆಫೀಸಿಗೆ ಓಡುತ್ತಿದ್ದಳು, ಕ್ಷಯ ಎಂಬ ಶಬ್ದ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಕುಕ್ಕರ್ ಕೂಗಿತು. ಒಂದು ಮೊಟ್ಟೆ, ಎರಡು, ಮೂರನೆಯದೂ ಇರಲಿ, ಮಗಳು ಮೂವತ್ತೆಂಟು ಕಿಲೋಗೆ ಇಳಿದಿದ್ದಾಳೆ, ಮೊದಲ ಮಾತ್ರೆಗೆ ರೋಗ ಜಗ್ಗಲಿಲ್ಲ, ಈಗ ಬೇರೆ ಮಾತ್ರೆ, ಡಾಕ್ಟರಮ್ಮ ಹೇಳಿದ್ದು ಎರಡೇ ಮಾತು, ದಿನಾ ಮೊಟ್ಟೆ ಕೊಡಿ, ಕಿಟಕಿ ಸದಾ ತೆರೆದಿಡಿ — ಆಹಾ, ಎಷ್ಟು ಸುಲಭ, ಮೊಟ್ಟೆ ಬೇಯಬೇಕಾದರೆ ಕಿಟಕಿ ಮುಚ್ಚಬೇಕು, ಕಿಟಕಿ ತೆರೆದರೆ ಮನೆ ಬಿಡಬೇಕು, ಎರಡು ಗೋಡೆಗಳ ನಡುವಿನ ಕಿರಿದಾದ ಡಕ್ಟಿನ ಆಚೆ ಕೈಗೆ ಎಟಕುವಷ್ಟರಲ್ಲಿ ಓನರಿನ ಅಕ್ಕನ ಅಡುಗೆಮನೆ, ಅವರ ಕಿಟಕಿ ಬೆಳಗಿನಿಂದ ತೆರೆದೇ ಇರುತ್ತದೆ, ಹಾಗಾಗಿ ಮೂರು ತಿಂಗಳಿನಿಂದ ದಿನಾ ಈ ಹೊತ್ತಿಗೆ ಇವಳ ಕೈ ಕಿಟಕಿಯ ಗಾಜನ್ನು ಸದ್ದಾಗದಂತೆ ಎಳೆಯುತ್ತದೆ.

ಈರುಳ್ಳಿ, ಹಸಿಮೆಣಸು, ನಿನ್ನೆಯ ಬಟಾಟೆ ಪಲ್ಯ, ಒಂದು ಹಿಡಿ ತೆಂಗಿನ ತುರಿ, ಚೀಸ್, ಬರೀ ಆಮ್ಲೆಟ್ ಆದರೆ ಎರಡು ತುತ್ತಿಗೆ ಸಾಕು ಅನ್ನುತ್ತಾಳೆ, ಒಳಗೆ ತುಂಬಿಸಿ ಮಡಚಿಬಿಟ್ಟರೆ ಹೊಟ್ಟೆಗೆ ಒಂದಿಷ್ಟು ಹೋಗುತ್ತದೆ, ಮೊಟ್ಟೆ ಅಕ್ಕಿ ಡಬ್ಬದ ತಳದಲ್ಲಿ, ಸಿಪ್ಪೆ ಪೇಪರಿನಲ್ಲಿ ಸುತ್ತಿ ಗುಣಪಾಲನ ಚೀಲಕ್ಕೆ, ಅವನು ಸ್ಟೇಷನ್ ಹೊರಗೆ ಎಸೆಯುತ್ತಾನೆ, ಮನೆ ಹೋದ್ರೆ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುದು ಮಾರಾಯ್ತಿ, ಈ ರೋಗ ಅಂದ್ರೆ ಯಾರು ಕೊಡ್ತಾರೆ ಎನ್ನುತ್ತಾನೆ, ಕೊನೆಗೆ ವಾಸನೆ ಅಡಗಿಸಲು ಲೋಬಾನದ ಹೊಗೆ, ಓನರಿನ ಅಕ್ಕ ಲಿಫ್ಟಿನಲ್ಲಿ ಹೊಗಳಿದ್ದರು, ಆಪ್ ತೋ ಬಹುತ್ ಪೂಜಾ ಕರ್ತೀ ಹೋ, ನಗು ಬಂದಿತ್ತು, ಅಳುವೂ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ, ಅಜ್ಜಿ ಇದ್ದಿದ್ದರೆ ಅಷ್ಟೇ ಅನ್ನುತ್ತಿದ್ದಳು. ಎಣ್ಣೆ ಕಾದಿದೆ, ಮೊಟ್ಟೆ ಚುರ್ ಎಂದು ಹರಡಿತು, ಅಂಚು ಉಬ್ಬಿತು, ಮೆಣಸಿನ ಘಾಟು ಏರಿತು, ಹೊರಗೆ ಹೋಗಲು ದಾರಿಯಿಲ್ಲದೆ ಮಗಳಿರುವ ಹಾಲ್‌ನೊಳಗೆ ನುಗ್ಗಿತು — ಕೆಮ್ಮು. ನಿಲ್ಲುತ್ತದೆ, ದಿನಾ ನಿಲ್ಲುತ್ತದೆ, ಇನ್ನೆರಡು ನಿಮಿಷ ಮಗಾ, ಪಲ್ಯ ಹರಡಿ ಮಡಚಿದರೆ ಆಯಿತು. ಕೆಮ್ಮು ನಿಲ್ಲಲಿಲ್ಲ. ನಿಶ್ಮಿತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ, ತುಟಿ ಬೂದಿ ಬಣ್ಣ, ಮಮ್ಮಿ, ಖಿಡ್ಕೀ ಖೋಲ್ ನಾ, ಸಾಂಸ್ ನಹೀ ಆ ರಹೀ, ಕಿಟಕಿ ತೆರೆಯಬೇಕಂತೆ, ಉಸಿರಾಡಲಾಗುತ್ತಿಲ್ಲವಂತೆ, ಒಂದು ಕ್ಷಣ, ದೇವರೇ, ಆ ಒಂದು ಕ್ಷಣ ತಾನು ನೋಡಿದ್ದು ಮಗಳನ್ನಲ್ಲ, ಬಾಣಲೆಯನ್ನು, ಇನ್ನೂ ಮಡಚಿಲ್ಲವಲ್ಲ ಎಂದು, ಎಂಥ ತಾಯಿ, ಥೂ.

ಗಾಜನ್ನು ತಳ್ಳಿದಳು, ಧಡ್ ಎಂದಿತು, ಎನ್ನಲಿ, ವಾಸನೆಯೆಲ್ಲ ಒಮ್ಮೆಗೇ ಹೊರಗೆ ಹೋಯಿತು, ಮಗಳು ಕಿಟಕಿಗೆ ಮುಖವಿಟ್ಟು ಗಾಳಿ ಎಳೆದಳು, ಕೆಮ್ಮಿದಳು, ಎಳೆದಳು, ಆಚೆ ಓನರಿನ ಅಕ್ಕ ಹಾಲಿನ ಪಾತ್ರೆ ಹಿಡಿದು ನಿಂತವರು ಇತ್ತಲೇ ನೋಡುತ್ತಿದ್ದಾರೆ, ಜಲಜಾಕ್ಷಿಯ ಬಾಯಲ್ಲಿ ಸುಳ್ಳು ತಯಾರಿದೆ, ಕೇಕ್ ಮಾಡ್ತಿದ್ದೆ, ಬರ್ತ್‌ಡೇ ಹೈ, ಮೂರು ತಿಂಗಳಿನಿಂದ ಇದೇ ಸುಳ್ಳನ್ನು ಮನಸ್ಸಿನಲ್ಲೇ ಉರುಹೊಡೆದಿದ್ದಾಳೆ, ದೀದೀ ವೋ ಕೇಕ್ — ಅವರು ಸೆರಗನ್ನು ಮೂಗಿಗೆ ಒತ್ತಿಕೊಂಡರು, ದನಿ ಏರಿಸಲೂ ಇಲ್ಲ, ಅಂಡೇ ಕಾ ತೋ ಹಮೇ ಪೆಹಲೇ ದಿನ್ ಸೇ ಪತಾ ಹೈ ಭಾಭೀ, ಯೇ ಖಾಂಸೀ ಕಬ್ ಸೇ ಹೈ?

ಮೊಟ್ಟೆಯದ್ದು ಗೊತ್ತಿತ್ತಂತೆ, ಮೊದಲ ದಿನದಿಂದ ಗೊತ್ತಿತ್ತಂತೆ, ಸುಮ್ಮನಿದ್ದರಂತೆ, ಹಾಗಾದರೆ ಈ ಮೂರು ತಿಂಗಳು ಗಾಳಿ ಮುಚ್ಚಿದ್ದು ಯಾರಿಗೆ, ಯಾರ ಎದೆಗೆ, ಬಾಣಲೆಯಲ್ಲಿ ಕರಟುತ್ತಿದೆ, ಒಲೆ ಆರಿಸಬೇಕು, ಏನಾದರೂ ಹೇಳಬೇಕು, ಈ ಕೆಮ್ಮು ಯಾವಾಗಿನಿಂದ, ಕಬ್ ಸೇ, ಕಬ್ ಸೇ — ಆಚೆಯ ಕಿಟಕಿಯಲ್ಲಿ ಒಂದು ಕೈ, ಗಾಜನ್ನು ಎಳೆಯುತ್ತಿದೆ, ಮೆಲ್ಲಗೆ, ಸದ್ದಾಗದಂತೆ.