ಮೂರನೆಯ ಸಾಲು

ಗೋಡೆಗೆ ಆನಿಸಿ ಕೂಡಿಸಿದ್ದ ಗುರುಲಿಂಗಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು. ಕರುಣಾ ಎದ್ದು ಗದ್ದಕ್ಕೆ ಕಟ್ಟಿದ್ದ ಬಿಳಿ ಅರಿವೆಯನ್ನು ಗೂಟಕ್ಕೆ ಬಿಗಿದಳು. ಹಣೆಯ ವಿಭೂತಿ ಅವಳ ಬೆರಳಿಗೂ ಹತ್ತಿತು.

“ಜೀವ ಇದ್ದಾಗೂ ಹಿಂಗೇ. ಕುತ್ತಿಗಿ ವಾರಿ ಮಾಡಿ ಗಿಡದಾಗಿನ ಮಂಗ್ಯಾ ನೋಡಾಂವ,” ಎಂದಳು ನೆರೆಮನೆಯ ಅಮೀರ್ಬೀ. “ಅವುಗಳ ಲದ್ದಿ ಡಬ್ಬ್ಯಾಗ ತುಂಬಾಂವ. ಉಪ್ಪಿನಕಾಯಿ ಹಾಕ್ತೀ ಏನೋ ಭಾಯಿ ಅಂತಿದ್ದೆ.”

ಆ ಡಬ್ಬಿಗಳು ಹೋಗುತ್ತಿದ್ದುದು ಕರುಣಾಳ ಕೈಗೆ. ಚಂದಾಪುರದ ಹುಡುಗಿ ಅವಳು; ಈಗ ಹೈದರಾಬಾದಿನ ಪ್ರಯೋಗಾಲಯದಲ್ಲಿ ಮಂಗಗಳ ವಂಶವಾಹಿ ಓದುತ್ತಾಳೆ. ಚಿಂಚೋಳಿ ಕಾಡಿನ ವಾಚರ್ ಆಗಿದ್ದ ಗುರುಲಿಂಗಪ್ಪ, ನಿವೃತ್ತಿಯಾದ ಮೇಲೂ ಡಬ್ಬಿ ಕಳಿಸುವುದನ್ನು ಬಿಟ್ಟಿರಲಿಲ್ಲ.

“ರೇವಣಪ್ಪಗ ಹೇಳಿ ಕಳಿಸೀರೇನು?” ಮಠದ ಅಯ್ಯನವರು ಕೇಳಿದರು.

“ಎರಡು ಸಲ ಹೋಗಿ ಬಂದೆ ರೀ,” ಎಂದಳು ಅಮೀರ್ಬೀ. “ ಬಾಗಲಾ ತೆಗೀಲಿಲ್ಲ. ಅಣ್ಣತಮ್ಮರ ಮನಿ ನಡುವ ಇರೋದು ಇದೊಂದೇ ಗೋಡಿ. ನಿನ್ನ ಮಣ್ಣಿಗೂ ಬರಂಗಿಲ್ಲ ಅಂತ ಅವತ್ತೇ ಅಂದಾನಲ್ಲ.”

ಗುರುಲಿಂಗಪ್ಪನಿಗೆ ಅಣ್ಣನನ್ನು ಬಿಟ್ಟರೆ ರಕ್ತದವರೆಂಬವರು ಯಾರೂ ಇರಲಿಲ್ಲ. ಕರುಣಾ ತಲೆ ತಗ್ಗಿಸಿದಳು.

*

ಹನ್ನೆರಡು ವರ್ಷದ ಹಿಂದೆ ಇದೇ ಊರು ಚಿಮ್ಮನಚೋಡದಲ್ಲಿ ಕರಿಮೂತಿಯ ಮುಸುವವೊಂದು ಕರೆಂಟು ತಂತಿಗೆ ಸಿಕ್ಕು ಸತ್ತಿತು. ಊರವರು ಅದನ್ನು ಮನುಷ್ಯರಂತೆಯೇ ಕೂಡಿಸಿ, ವಿಭೂತಿ ಹಚ್ಚಿ, ಭಜನೆಯೊಂದಿಗೆ ಮಣ್ಣು ಮಾಡಿದರು. ಮುಂದೆ ನಿಂತವನು ರೇವಣಪ್ಪ. ಕುಣಿಗೆ ಇಳಿಸುವ ಮೊದಲು ಗುರುಲಿಂಗಪ್ಪ ಅದರ ಕಿವಿಯ ಚೂರೊಂದನ್ನು ಕತ್ತರಿಸಿ ಡಬ್ಬಿಗೆ ಹಾಕಿಕೊಂಡ. ಅಣ್ಣ ಕಂಡ.

ಸತ್ತದ್ದು ಸಿಕ್ಕರೆ ಒಂದು ಚೂರು ತೆಗೆದಿಡಿ ಎಂದು ಫೋನಿನಲ್ಲಿ ಹೇಳಿದ್ದವಳು ಕರುಣಾ. ಅದರ ಸುತ್ತ ಕೂತು ಅಳುವವರಿರುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ.

*

“ಕರಿಮೂತಿ, ಕೆಂಪುಮೂತಿ ಯಾವಾಗ ಬ್ಯಾರೆ ಆದವು ಅಂತ ಹೆಂಗ ಗೊತ್ತಾಗ್ತದವ್ವಾ?” ಒಮ್ಮೆ ಕಾಡಿನ ದಾರಿಯಲ್ಲಿ ಗುರುಲಿಂಗಪ್ಪ ಕೇಳಿದ್ದ.

“ಒಡಲಾಗ ನಾಕೇ ಅಕ್ಷರದ ಬರಹ ಇರ್ತದ ಕಾಕಾ, ಭಾಳ ಉದ್ದ. ಎರಡೂ ಬಾಜೂಕ ಇಟ್ಟು ನೋಡ್ತೀವಿ. ಎಷ್ಟು ಫರಕ್ ಅದನೋ, ಅಷ್ಟು ಹಿಂದ ಅಗಲ್ಯಾವು ಅಂತ. ಅವೆರಡೂ ಬ್ಯಾರೆ ಆಗಿ ಒಂದೂವರಿ ಕೋಟಿ ವರ್ಷದ ಮ್ಯಾಲಾಗೇದ. ನಾವು ಅವುಗಳಿಂದ ಅಗಲಿದ್ದು ಅದಕ್ಕೂ ಎಷ್ಟೋ ಮೊದಲು.”

“ಅಂದ್ರ ನಮ್ಮ ಪದದಂಗ ಅನ್ನು. ಅವ್ವ ಇಬ್ಬರಿಗೂ ಒಂದೇ ಪದ ಕಲಿಸಿದ್ಳು. ಅಣ್ಣ ಅವ್ವನಂಗೇ ಹಾಡ್ತಾನ. ನಾ ಅಡವ್ಯಾಗ ಒಬ್ಬನೇ ಹಾಡಿ ಹಾಡಿ, ಮೂರನೇ ಸಾಲು ನಾಕನೇದರ ಹಿಂದ, ಕಡೀಗಿ ಹೋಗೇದ. ಅದು ಎಷ್ಟು ವರ್ಷದ ದೂರ?”

“ಅದಕ್ಕ ಲೆಕ್ಕ ಇಲ್ಲ ಕಾಕಾ,” ಎಂದು ಅವಳು ನಕ್ಕಿದ್ದಳು. ಅವನು ನಕ್ಕಿರಲಿಲ್ಲ.

*

ಅಂಗೈಯಲ್ಲಿ ಲಿಂಗವಿಟ್ಟು ಗುರುಲಿಂಗಪ್ಪನನ್ನು ಕುಣಿಯಲ್ಲಿ ಕೂಡಿಸಿದರು. ಬಿಲ್ವಪತ್ರೆ ಬಿತ್ತು. ಮೊದಲ ಮಣ್ಣು ರಕ್ತದವರದು. ಎಲ್ಲರೂ ಊರಿನ ದಾರಿ ನೋಡಿದರು. ದಾರಿ ಖಾಲಿ.

“ನೀ ಹಾಕವ್ವಾ,” ಎಂದರು ಅಯ್ಯನವರು.

“ನಾನ್ಯಾರ್ರಿ ಅವರಿಗೆ?”

“ಹಾಕು. ಹೊತ್ತು ಮುಳುಗಾಕತ್ತದ.”

ಅವಳ ಹಿಡಿಮಣ್ಣು ಅವನ ಮಡಿಲಲ್ಲಿ ಬಿತ್ತು.

ಬಸ್ಸಿಗೆಂದು ಒಬ್ಬಳೇ ಹೊರಟವಳಿಗೆ ದಾರಿಬದಿಯಿಂದ ಹಾಡು ಕೇಳಿಸಿತು. ಮುಸುವವನ್ನು ಹೂತಿದ್ದ ಕಟ್ಟೆಯ ಮುಂದೆ, ರಸ್ತೆಗೆ ಬೆನ್ನು ಮಾಡಿ ರೇವಣಪ್ಪ ಕೂತಿದ್ದ. ಗುರುಲಿಂಗಪ್ಪ ಕಾಡಿನಲ್ಲಿ ಹಾಡುತ್ತಿದ್ದ ಅದೇ ಪದ. ಮೊದಲ ಸಾಲು, ಎರಡನೆಯದು. ಆಮೇಲೆ ನಾಲ್ಕನೆಯದು ಬಂತು. ಕರುಣಾ ನಿಂತಳು.

ಮೂರನೆಯ ಸಾಲು ಎಲ್ಲಕ್ಕೂ ಕಡೆಗೆ ಬಂತು.

ಹಾಡು ಮುಗಿದರೂ ಮುದುಕ ಬಲಗೈ ಮುಷ್ಟಿ ಬಿಚ್ಚಲಿಲ್ಲ. ಬೆರಳ ಸಂದಿಯಿಂದ ಕರಿಮಣ್ಣು ಅವನ ಧೋತರದ ಮೇಲೆ ಸಣ್ಣಗೆ ಉದುರುತ್ತಲೇ ಇತ್ತು.