ಜೋಡಿಯಿಲ್ಲದ ಚೀಟಿ

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ಎಂದರೆ ಟೀಚರಿಗೆ ಬಾಲ್ಯವೇ ಕಣ್ಮುಂದೆ ಬರುತ್ತಿತ್ತು. ಪೂರ್ತಿ ಒಣಗದ ಯೂನಿಫಾರ್ಮನ್ನು ಸೋದರತ್ತೆ ಇಸ್ತ್ರಿಯಲ್ಲೇ ಒಣಗಿಸಿ, ಬೆಚ್ಚಗಿರುವಾಗಲೇ ತೊಡಿಸಿ ಶಾಲೆಗೆ ಕಳಿಸುತ್ತಿದ್ದಳು. ಈಗ ಆ ವಾಸನೆ ದಿನಾ ಸಂಜೆ ಕೆಳಗಿನ ಲಾಂಡ್ರಿಯಿಂದ ಮೆಟ್ಟಿಲು ಹತ್ತಿ, ಅವಳು ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಕೋಣೆಗೆ ಬರುತ್ತಿತ್ತು. ಅದರ ಹಿಂದೆಯೇ ಅಲ್ಲಿ ಕೆಲಸ ಮಾಡುವ ಇಸ್ತ್ರಿ ಅಕ್ಕನೂ ಏದುಸಿರು ಬಿಡುತ್ತ ಪಾಠಕ್ಕೆ ಬರುತ್ತಿದ್ದಳು.

ಆ ವಾರದ ಪಾಠ ಜೋಡಿಪದಗಳದು. ಕಣ್ಣು, ನೀರು ಕೂಡಿ ಕಣ್ಣೀರಾಗುವಂತೆ ಇಂಗ್ಲಿಷಿನಲ್ಲೂ ಎರಡು ಪದ ಸೇರಿ ಮೂರನೆಯದೊಂದು ಹುಟ್ಟುತ್ತದೆ ಎಂದು ಟೀಚರ್ ವಿವರಿಸಿದ್ದಳು. ಎಲ್ಲರ ಎದೆಗೂ ಒಂದೊಂದು ಚೀಟಿ, ಅದರಲ್ಲಿ ಅರ್ಧ ಪದ. ಕೋಣೆಯಲ್ಲಿ ಓಡಾಡಿ ಉಳಿದರ್ಧವನ್ನು ಹುಡುಕಿಕೊಂಡು ಪಕ್ಕ ನಿಲ್ಲಬೇಕು. ಕಾವಲುಗಾರನ ‘ರೇನ್’ ದರ್ಜಿಯ ‘ಕೋಟ್’ ಪಕ್ಕ ಹೋಗಿ ನಿಂತಿತು. ಬಸ್ ಡ್ರೈವರ್ ‘ಬಟರ್’, ಅಕ್ಕ ‘ಫ್ಲೈ’.

“ಇದೇನು ಟೀಚರಮ್ಮಾ?” ಎಂದಳು ಅಕ್ಕ. “ಇವ್ರು ಬೆಣ್ಣೆ, ನಾನು ನೊಣ. ಸೇರಿದ್ರೆ ಚಿಟ್ಟೆ ಹೇಗಾಗುತ್ತೆ? ನಮ್ಮನೇಲಿ ಬೆಣ್ಣೆಗೆ ನೊಣ ಬಿದ್ರೆ ಬೆಣ್ಣೇನೇ ಎತ್ತಿ ಬಿಸಾಕ್ತೀವಿ!”

“ನನ್ನ ಬಿಸಾಕ್ಬೇಡಿ ಅಕ್ಕಾ, ಮನೇಲಿ ಕಾಯ್ತಿರ್ತಾರೆ,” ಎಂದ ಡ್ರೈವರ್.

ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಾಠ ಅಲ್ಲಿಗೇ ನಿಂತುಹೋಯಿತು. ಟೀಚರಿಗೆ ಮಾತ್ರ ನಗು ಬರಲಿಲ್ಲ. ಮರುದಿನ ಇನ್‌ಸ್ಪೆಕ್ಟರು ತರಗತಿ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಅವಳ ಕೆಲಸ ಕಾಯಂ, ಇಲ್ಲವಾದರೆ ಕೆಲಸವೇ ಇಲ್ಲ.

ಎಲ್ಲರೂ ಹೊರಟ ಮೇಲೆ ಅಕ್ಕನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡಳು. “ಅಕ್ಕಾ, ದಿನವಿಡೀ ನಿಂತೇ ಕೆಲಸ ಮಾಡ್ತೀರಿ. ನಾಳೆ ಒಂದಿನ ಬರಬೇಡಿ, ಸುಧಾರಿಸ್ಕೊಳ್ಳಿ,” ಎಂದು ನಗುನಗುತ್ತ ಹೇಳಿದಳು.

“ನಾಳೆ ಸಾಹೇಬರು ಬರ್ತಾರಲ್ವಾ? ಆಯ್ತಮ್ಮಾ,” ಎಂದು ಅಕ್ಕ ಎದೆಯ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟು ಇಳಿದುಹೋದಳು.

ಮರುದಿನ ಎಲ್ಲರೂ ತಲೆ ಬಾಚಿಕೊಂಡು ಬಂದಿದ್ದರು. ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕುಳಿತರು. ಮತ್ತೆ ಅದೇ ಚೀಟಿ ಆಟ. ಗಡಿಬಿಡಿಯಲ್ಲಿ ಟೀಚರ್ ಒಂದನ್ನು ಮರೆತಿದ್ದಳು: ಡ್ರೈವರನ ಚೀಟಿ ಬದಲಿಸಿರಲಿಲ್ಲ. ಎಲ್ಲರೂ ಜೋಡಿಯಾಗಿ ನಿಂತರೂ ಅವನೊಬ್ಬ ನಡುವೆ ಉಳಿದ. ಬಾಗಿಲ ಕಡೆ ಒಮ್ಮೆ, ಮೆಟ್ಟಿಲ ಕಡೆ ಒಮ್ಮೆ ನೋಡಿದ.

“ನಮ್ಮ ಇಸ್ತ್ರಿ ಅಕ್ಕ ಎಲ್ಲಿ ಟೀಚರ್?”

ಇನ್‌ಸ್ಪೆಕ್ಟರೂ ತಲೆ ಎತ್ತಿದರು. ಟೀಚರ್ ಅವರತ್ತ ತಿರುಗಿದಳು. “ಅವರಿಗೆ... ಜ್ವರ ಸಾರ್.”

ಕೆಳಗೆ ಇಸ್ತ್ರಿಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲೆ ಕುಕ್ಕಿದ ಸದ್ದು ಕೇಳಿಸಿತು. ಅದು ಯಾರ ಕೈ ಎಂದು ಕೋಣೆಯಲ್ಲಿ ಇನ್‌ಸ್ಪೆಕ್ಟರನ್ನು ಬಿಟ್ಟು ಎಲ್ಲರಿಗೂ ಗೊತ್ತು. ದರ್ಜಿ ತನ್ನ ಗುಂಡಿಗಳನ್ನು ನೋಡಿಕೊಂಡ. ಕಾವಲುಗಾರ ಕಿಟಕಿಯತ್ತ ತಿರುಗಿದ. ಡ್ರೈವರ್ ಎದೆಯ ಚೀಟಿಯನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡು ಕುಳಿತುಬಿಟ್ಟ. ಅವರಲ್ಲಿ ಒಬ್ಬರಾದರೂ ಸುಳ್ಳೆಂದು ಬಾಯಿಬಿಟ್ಟಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

“ಚೆನ್ನಾಗಿ ಕಲಿಸ್ತೀರಮ್ಮ,” ಎಂದರು ಇನ್‌ಸ್ಪೆಕ್ಟರು ಹೊರಡುವಾಗ. “ನಿಮ್ಮ ಕೆಲಸದ ಬಗ್ಗೆ ಇನ್ನು ಯೋಚನೆ ಬೇಡ.” ಅವಳು ಅವರ ಶೂ ನೋಡುತ್ತ ತಲೆಯಾಡಿಸಿದಳು. ಅವರು ಮೆಟ್ಟಿಲಿಳಿಯುವಾಗ ಕೆಳಗೆ ಯಾರೋ ಕೆಮ್ಮಿದರು. ಕೆಮ್ಮು ಸ್ವಲ್ಪ ಜಾಸ್ತಿಯೇ ಜೋರಾಗಿತ್ತು.

ಕೋಣೆ ಖಾಲಿಯಾದ ಮೇಲೆ ಟೀಚರ್ ಕೆಳಗಿಳಿದಳು. ಬಿಳಿ ದಿಂಬಿನ ಕವರುಗಳ ರಾಶಿಯ ಹಿಂದೆ ಅಕ್ಕ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದಳು.

“ಸಾಹೇಬರು ನನ್ನ ಕೆಮ್ಮು ಕೇಳಿಸ್ಕೊಂಡ್ರಾ? ಮೇಲಿನ ಮಾತೆಲ್ಲ ಇಲ್ಲಿಗೆ ಕೇಳುತ್ತೆ ಟೀಚರಮ್ಮಾ. ಅವರು ಒಳಗೆ ಇಣುಕಿದ್ರೆ ಅಂತ ಟವೆಲೂ ಸುತ್ಕೊಂಡೆ. ಕೆಲಸ ಕಾಯಂ ಆಯ್ತಾ?”

“ಆಯ್ತು,” ಎಂದಳು ಟೀಚರ್. “ತಪ್ಪಾಯ್ತು ಅಕ್ಕಾ. ಜ್ವರ ಅಂದುಬಿಟ್ಟೆ.”

ಅಕ್ಕ ಟವೆಲು ಬಿಚ್ಚಿ ಮಡಿಸಿದಳು. “ಅದಕ್ಕೆ ಬೇಜಾರಿಲ್ಲ. ‘ನೀನಿದ್ರೆ ನನ್ನ ಕೆಲಸ ಕೆಡುತ್ತೆ’ ಅಂತ ನೇರವಾಗಿ ಹೇಳಿದ್ದಿದ್ರೆ ಬಾಯಿ ಮುಚ್ಕೊಂಡು ಮೂಲೇಲಿ ಕೂತಿರ್ತಿದ್ದೆ. ನಗ್ತಾ ಹೇಳಿದ್ರಲ್ಲ ತಾಯಿ...”

“ನಾಳೆ ಬರ್ತೀರಾ?” ಎಂದು ಟೀಚರ್ ಕೇಳಿದಳು.

“ನೋಡೋಣ,” ಎಂದಳು ಅಕ್ಕ. ಇನ್ನೊಂದು ಕವರು ಹರವಿ ನೀರು ಚಿಮುಕಿಸಿ, ಮತ್ತೆ ಅವಳತ್ತ ನೋಡಿದಳು. “ಬೆಳಗಿಂದ ಏನೂ ತಿಂದಿಲ್ಲ ತಾನೇ? ಮುಖ ಬಾಡಿ ಹೋಗಿದೆ.”

ಅಕ್ಕ ಇಸ್ತ್ರಿಯನ್ನು ಪಕ್ಕಕ್ಕಿಟ್ಟು, ಕಪಾಟಿನಿಂದ ತನ್ನ ಊಟದ ಡಬ್ಬಿ ತೆಗೆದಳು. ಅನ್ನ, ಪಲ್ಯ ಎರಡನ್ನೂ ಮುಚ್ಚಳಕ್ಕೆ ಅರ್ಧರ್ಧ ಬಡಿಸಿದಳು. ಆಮೇಲೆ ಏನನ್ನೋ ಯೋಚಿಸಿ, ಮುಚ್ಚಳವನ್ನು ತನಗೆಂದು ಎಳೆದುಕೊಂಡು, ಡಬ್ಬಿಯನ್ನು ಟೀಚರ ಕೈಗಿಟ್ಟಳು.